ಸ್ವಿಂಗ್ ಕೈಕೊಟ್ಟರೆ ಮೊದಲು ಎಂಜಿನ್ ಸದ್ದು ಕೇಳಿ: ಎಕ್ಸ್‌ಕವೇಟರ್ ದೋಷ ಪತ್ತೆ ಕೈಪಿಡಿ

ಎಕ್ಸ್‌ಕವೇಟರ್‌ನ ಮೇಲಿನ ಬಾಡಿ ತಿರುಗುತ್ತಿಲ್ಲ ಅಂದ ಕೂಡಲೇ ಕೈ ಹೋಗುವುದು ಸ್ವಿಂಗ್ ಮೋಟರ್ ಮೇಲೆ, ಅಂದರೆ ಎಣ್ಣೆ ಒತ್ತಡದಿಂದ ಬಾಡಿ ತಿರುಗಿಸುವ ಮೋಟರ್ ಮೇಲೆ. ಬಿಚ್ಚುತ್ತಾರೆ, ಸೀಲ್ ಕಿಟ್ ಹಾಕುತ್ತಾರೆ, ಮತ್ತೆ ಕೂರಿಸುತ್ತಾರೆ. ಮಷಿನ್ ಮಾತ್ರ ಮೊದಲಿನ ಹಾಗೇ. ಕಡೆಗೆ ನೋಡಿದರೆ ಬ್ರೇಕ್ ಬಿಡಿಸುವ ಸೊಲೆನಾಯ್ಡ್‌ನ (ಕರೆಂಟಿನಿಂದ ಕೆಲಸ ಮಾಡುವ ವಾಲ್ವ್) ಪ್ಲಗ್ ಸಡಿಲ ಆಗಿರುತ್ತದೆ. ಈ ಸುತ್ತಾಟ ತಪ್ಪಲಿ ಅಂತಲೇ ಈ ಬರಹ.

ಸ್ವಿಂಗ್ ದೋಷ ಹುಡುಕುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಲಿವರ್ ಎಳೆದಾಗ ಎಂಜಿನ್‌ಗೆ ಲೋಡ್ ಬೀಳುತ್ತಿದೆಯಾ, ಇಲ್ವಾ? ಎಂಜಿನ್ ಸದ್ದು ತಗ್ಗಿ, ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದಾಗ ಎಣ್ಣೆ ಬಿಡುವ ವಾಲ್ವ್) ಕೀಚಲಾಗಿ ಕೂಗಿದರೆ ಹೈಡ್ರಾಲಿಕ್ ಎಣ್ಣೆ ಮೋಟರ್ ತನಕ ಬಂದಿದೆ. ಬಾಡಿಯನ್ನು ಏನೋ ಹಿಡಿದು ನಿಲ್ಲಿಸಿದೆ. ಎಂಜಿನ್ ಸದ್ದು ಬದಲಾಗದೇ ಇದ್ದರೆ ಎಣ್ಣೆ ಬರುತ್ತಲೇ ಇಲ್ಲ, ಅಥವಾ ಬಂದದ್ದು ಒಳಗೇ ಸೋರಿ ಹೋಗುತ್ತಿದೆ. ಇದನ್ನು ತಿಳಿಯಲು ಗೇಜೂ ಬೇಡ, ಸ್ಪ್ಯಾನರೂ ಬೇಡ. ಮುಂದೆ ಬರುವ ಮೊದಲ ಎರಡು ಲಕ್ಷಣಗಳಲ್ಲಿ ಈ ಪ್ರಶ್ನೆಗೆ ಮತ್ತೆ ಬರುತ್ತೇವೆ.

## ಕೈ ಹಾಕುವ ಮೊದಲು

ಮಷಿನ್ ಸಮತಟ್ಟಾದ, ಗಟ್ಟಿ ನೆಲದ ಮೇಲಿರಲಿ. ಬಕೆಟ್ ನೆಲಕ್ಕೆ ಊರಿರಲಿ. ಪರೀಕ್ಷೆಗೆ ಬಾಡಿ ತಿರುಗಿಸುವಾಗ ತಿರುಗುವ ವ್ಯಾಪ್ತಿಯೊಳಗೆ ಒಬ್ಬರೂ ಇರಬಾರದು. ಹಿಂದಿನ ಕೌಂಟರ್‌ವೇಟ್ ಮತ್ತು ಗೋಡೆ ಅಥವಾ ಲಾರಿ ನಡುವಿನ ಜಾಗ ತುಂಬಾ ಅಪಾಯದ್ದು. ಕ್ಯಾಬಿನ್‌ನಲ್ಲಿ ಕೂತ ಆಪರೇಟರ್‌ಗೆ ಅಲ್ಲಿ ನಿಂತವರು ಕಾಣಿಸುವುದೇ ಇಲ್ಲ.

ಯಾವುದೇ ಹೋಸ್ ಸಡಿಲಿಸುವ ಮೊದಲು ಪ್ರೆಶರ್ ಇಳಿಸಿ. ಎಂಜಿನ್ ಆಫ್ ಮಾಡಿ, ಕೀ ಆನ್‌ನಲ್ಲಿಟ್ಟು, ಸೇಫ್ಟಿ ಲಿವರ್ (ಜಾಯ್‌ಸ್ಟಿಕ್‌ಗಳು ಕೆಲಸ ಮಾಡದಂತೆ ಲಾಕ್ ಮಾಡುವ ಲಿವರ್) ಕೆಲಸದ ಸ್ಥಾನಕ್ಕೆ ತಂದು, ಜಾಯ್‌ಸ್ಟಿಕ್‌ಗಳನ್ನು ಎಲ್ಲ ದಿಕ್ಕಿಗೂ ಹಲವು ಸಲ ಆಡಿಸಿ. ಆಮೇಲೆ ಸೇಫ್ಟಿ ಲಿವರ್ ಲಾಕ್ ಮಾಡಿ, ಟ್ಯಾಂಕಿನ ಗಾಳಿ ಒತ್ತಡ ನಿಧಾನವಾಗಿ ಬಿಡಿ. ಪೈಲಟ್ ಲೈನಿನಲ್ಲಿ, ಅಂದರೆ ವಾಲ್ವ್‌ಗಳನ್ನು ಆಡಿಸುವ ಸಣ್ಣ ಒತ್ತಡದ ಲೈನಿನಲ್ಲಿ, ಒತ್ತಡ ಕೂಡಿಡುವ ಅಕ್ಯುಮುಲೇಟರ್ ಇದ್ದರೆ ಎಂಜಿನ್ ನಿಂತ ಮೇಲೂ ಒತ್ತಡ ಉಳಿದಿರುತ್ತದೆ, ಮರೆಯಬೇಡಿ.

ಸೋರಿಕೆ ಹುಡುಕಲು ಬರಿಗೈ ಆಡಿಸಲೇಬೇಡಿ. ಕೂದಲೆಳೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಮೊದಲಿಗೆ ಕಡಿಮೆ. ಆದರೆ ಅದು ಕೂಡಲೇ ಶಸ್ತ್ರಚಿಕಿತ್ಸೆ ಬೇಕಾಗುವ ಗಾಯ. ನಾಳೆ ನೋಡೋಣ ಅಂತ ಬಿಟ್ಟವರು ಬೆರಳು, ಕೈ ಕಳೆದುಕೊಂಡಿದ್ದಾರೆ. ತುಂಡು ರಟ್ಟು ಹಿಡಿದು ಹುಡುಕಿ.

ಇನ್ನೊಂದು ಮಾತು. ಸ್ವಿಂಗ್ ಮೋಟರ್ ಬಿಚ್ಚಿ ತೆಗೆದರೆ ಬ್ರೇಕೂ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಬಾಡಿಯನ್ನು ಹಿಡಿಯುವವರು ಯಾರೂ ಇಲ್ಲ. ಸ್ವಲ್ಪ ಇಳಿಜಾರಿದ್ದರೂ ಟನ್‌ಗಟ್ಟಲೆ ತೂಕ ತಾನಾಗಿ ತಿರುಗಿಬಿಡುತ್ತದೆ.

ಕೊಮಾತ್ಸು ಎಚ್‌ಬಿ205ರಂಥ ಹೈಬ್ರಿಡ್ ಮಷಿನ್‌ಗಳಲ್ಲಿ ಬಾಡಿ ತಿರುಗಿಸುವುದು ವಿದ್ಯುತ್ ಮೋಟರ್. ಅಲ್ಲಿ ಹೈ ವೋಲ್ಟೇಜ್ ಇರುತ್ತದೆ. ಅದನ್ನು ತರಬೇತಿ ಪಡೆದವರಿಗೇ ಬಿಡಿ. ಇಲ್ಲಿ ಹೇಳುವುದೆಲ್ಲ ಹೈಡ್ರಾಲಿಕ್ ಸ್ವಿಂಗ್ ಬಗ್ಗೆ.

## ಒಳಗೆ ಏನು ನಡೆಯುತ್ತದೆ

ಎಡಗೈ ಜಾಯ್‌ಸ್ಟಿಕ್ ಎಳೆದಾಗ ಪೈಲಟ್ ಎಣ್ಣೆ, ಅಂದರೆ ಸುಮಾರು 30ರಿಂದ 40 ಬಾರ್‌ನ ಸಣ್ಣ ಒತ್ತಡದ ಎಣ್ಣೆ, ಮೇನ್ ಕಂಟ್ರೋಲ್ ವಾಲ್ವ್‌ನ ಸ್ವಿಂಗ್ ಸ್ಪೂಲ್ (ಒಳಗೆ ಸರಿದು ಎಣ್ಣೆಯ ದಾರಿ ತೆರೆಯುವ ಕಂಬಿ) ತಳ್ಳುತ್ತದೆ. ಆಗ ಮೇನ್ ಪಂಪಿನ ಎಣ್ಣೆ ಸ್ವಿಂಗ್ ಮೋಟರ್‌ಗೆ ಹೋಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ಸಂಕೇತ ಪಾರ್ಕಿಂಗ್ ಬ್ರೇಕ್ ಬಿಡಿಸುತ್ತದೆ. ಈ ಬ್ರೇಕ್ ಸ್ಪ್ರಿಂಗ್‌ನಿಂದ ಹಿಡಿಯುತ್ತದೆ, ಎಣ್ಣೆ ಒತ್ತಡದಿಂದ ಬಿಡುತ್ತದೆ. ಹಾಗಾಗಿ ಒತ್ತಡ ಬರದಿದ್ದರೆ ಬ್ರೇಕ್ ಹಿಡಿದೇ ಇರುತ್ತದೆ. ಮೋಟರ್ ಕೆಳಗೆ ಪ್ಲಾನೆಟರಿ ಗೇರ್‌ಬಾಕ್ಸ್, ಅದರ ಕೆಳಗೆ ಪಿನಿಯನ್. ಪಿನಿಯನ್ ಅನ್ನುವ ಈ ಚಿಕ್ಕ ಗೇರ್, ಬಾಡಿ ಕೂತಿರುವ ದೊಡ್ಡ ಬಳೆಯ, ಅಂದರೆ ಸ್ವಿಂಗ್ ಸರ್ಕಲ್‌ನ, ಹಲ್ಲು ಹಿಡಿದು ಬಾಡಿಯನ್ನು ತಿರುಗಿಸುತ್ತದೆ.

ಲಿವರ್ ಬಿಟ್ಟಾಗ ಬಾಡಿಯನ್ನು ನಿಲ್ಲಿಸುವುದು ಪಾರ್ಕಿಂಗ್ ಬ್ರೇಕ್ ಅಲ್ಲ. ಇದು ಗೊತ್ತಿರಲೇಬೇಕು. ಆ ಕೆಲಸ ಮೋಟರ್ ಮೇಲಿರುವ ಎರಡು ರಿಲೀಫ್ ವಾಲ್ವ್‌ಗಳದ್ದು, ಎಡಕ್ಕೊಂದು ಬಲಕ್ಕೊಂದು. ಮೋಟರ್‌ನಿಂದ ಹೊರಹೋಗುವ ಎಣ್ಣೆಯ ದಾರಿ ಮುಚ್ಚಿ, ಆ ಒತ್ತಡದಲ್ಲೇ ಬಾಡಿ ನಿಲ್ಲುತ್ತದೆ. 20 ಟನ್ ದರ್ಜೆಯಲ್ಲಿ ಈ ರಿಲೀಫ್ ಸಾಮಾನ್ಯವಾಗಿ 250ರಿಂದ 300 ಬಾರ್ ಆಸುಪಾಸು. ಬಾಡಿ ಪೂರ್ತಿ ನಿಂತ ಮೇಲೆ, ಕೆಲವು ಸೆಕೆಂಡು ಬಿಟ್ಟು, ಪಾರ್ಕಿಂಗ್ ಬ್ರೇಕ್ ಹಿಡಿಯುತ್ತದೆ.

ಸ್ವಿಂಗ್ ಮೋಟರ್ ಮೇಲಿನ ಬಾಡಿಯಲ್ಲೇ ಇರುವುದರಿಂದ ಅದರ ಎಣ್ಣೆ ಸೆಂಟರ್ ಜಾಯಿಂಟ್ (ಮೇಲಿನ ಬಾಡಿಯಿಂದ ಕೆಳಗಿನ ಟ್ರ್ಯಾಕ್‌ಗೆ ಎಣ್ಣೆ ದಾಟಿಸುವ ಜೋಡಣೆ) ಮೂಲಕ ಹೋಗುವುದಿಲ್ಲ. ಸ್ವಿಂಗ್ ನಿಧಾನ ಅಂತ ಸೆಂಟರ್ ಜಾಯಿಂಟ್ ಸೀಲ್ ಬದಲಿಸಿದರೆ ಸುಮ್ನೆ ದುಡ್ಡು ದಂಡ.

## ಲಕ್ಷಣ: ಎರಡೂ ಕಡೆ ತಿರುಗುವುದೇ ಇಲ್ಲ

ಪುಕ್ಕಟೆ ಕೆಲಸಗಳು ಮೊದಲು. ಸ್ವಿಂಗ್ ಲಾಕ್ ಸ್ವಿಚ್ ಆನ್ ಆಗಿದೆಯಾ? ಸಾಗಿಸುವಾಗ ಹಾಕಿದ ಲಾಕ್ ಪಿನ್ ತೆಗೆದಿದ್ದಾರಾ? ಸೇಫ್ಟಿ ಲಿವರ್ ಪೂರ್ತಿ ಕೆಲಸದ ಸ್ಥಾನದಲ್ಲಿದೆಯಾ? ಎಣ್ಣೆ ಮಟ್ಟ ಸರಿ ಇದೆಯಾ? ಮಾನಿಟರ್ ಮೇಲೆ ಎರರ್ ಕೋಡ್ ಇದೆಯಾ? ಫ್ಯೂಸ್ ನೋಡಿದಿರಾ? ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಆದರೂ ಒಂದನ್ನೂ ಬಿಡಬೇಡಿ.

ಆಮೇಲೆ ಬೂಮ್, ಆರ್ಮ್, ಟ್ರ್ಯಾಕ್ ಆಡಿಸಿ ನೋಡಿ. ಯಾವುದೂ ಕೆಲಸ ಮಾಡದಿದ್ದರೆ ಇದು ಸ್ವಿಂಗ್ ದೋಷವೇ ಅಲ್ಲ. ಪೈಲಟ್ ಪಂಪ್, ಪೈಲಟ್ ಫಿಲ್ಟರ್, ಸೇಫ್ಟಿ ಲಿವರ್‌ನ ಸೊಲೆನಾಯ್ಡ್ ಕಡೆ ನೋಡಿ. ಬೇರೆಲ್ಲ ಸರಿ, ಸ್ವಿಂಗ್ ಮಾತ್ರ ಇಲ್ಲ ಅಂದರೆ ಎಂಜಿನ್ ಪ್ರಶ್ನೆಗೆ ಬನ್ನಿ.

ಎಂಜಿನ್‌ಗೆ ಲೋಡ್ ಬೀಳುತ್ತಿದೆ, ಬಾಡಿ ಅಲ್ಲಾಡುವುದಿಲ್ಲ. ಮೊದಲ ಅನುಮಾನ ಬ್ರೇಕ್ ಬಿಟ್ಟಿಲ್ಲ ಅಂತ. ತುಂಬ ಮಷಿನ್‌ಗಳಲ್ಲಿ ಸ್ವಿಂಗ್ ಬ್ರೇಕ್ ಬಿಡಿಸುವ ತುರ್ತು ಸ್ವಿಚ್ ಇರುತ್ತದೆ, ಸಾಮಾನ್ಯವಾಗಿ ಮುಚ್ಚಳದ ಕೆಳಗೆ. ಸಮತಟ್ಟು ಜಾಗದಲ್ಲಿ ಅದನ್ನು ಹಾಕಿ ಸ್ವಿಂಗ್ ಮಾಡಿ ನೋಡಿ. ತಿರುಗಿದರೆ ಮೋಟರ್, ಗೇರ್‌ಬಾಕ್ಸ್, ಬ್ರೇಕ್ ಪ್ಲೇಟ್ ಎಲ್ಲ ಚೆನ್ನಾಗಿವೆ ಅಂತ ಅರ್ಥ. ದೋಷ ಇರುವುದು ಪ್ರೆಶರ್ ಸ್ವಿಚ್ (ಲಿವರ್ ಎಳೆದದ್ದನ್ನು ಪೈಲಟ್ ಒತ್ತಡದಿಂದ ತಿಳಿಯುವ ಸ್ವಿಚ್), ಕಂಟ್ರೋಲರ್ ಅಥವಾ ವೈರಿಂಗ್‌ನಲ್ಲಿ. ಪರೀಕ್ಷೆ ಮುಗಿದ ಕೂಡಲೇ ಸ್ವಿಚ್ ಆಫ್ ಮಾಡಿ. ಅದು ಆನ್ ಇರುವಷ್ಟು ಹೊತ್ತು ಪಾರ್ಕಿಂಗ್ ಬ್ರೇಕ್ ಹಿಡಿಯುವುದಿಲ್ಲ.

ತುರ್ತು ಸ್ವಿಚ್ ಇಲ್ಲ, ಅಥವಾ ಹಾಕಿದರೂ ತಿರುಗಲಿಲ್ಲ ಅಂದರೆ ಬ್ರೇಕ್ ಸೊಲೆನಾಯ್ಡ್ ನೋಡಿ. ಒಬ್ಬರು ಲಿವರ್ ಎಳೆದಾಗ ಇನ್ನೊಬ್ಬರು ಸ್ಕ್ರೂಡ್ರೈವರ್ ತುದಿಯನ್ನು ಕಾಯಿಲ್‌ಗೆ ತಾಗಿಸಲಿ. ಕರೆಂಟ್ ಬಂದರೆ ಅಯಸ್ಕಾಂತದ ಹಾಗೆ ಎಳೆಯುತ್ತದೆ. ಹೀಗೆ ನೋಡುವಾಗ ನಿಲ್ಲುವ ಜಾಗ ಬಾಡಿಯ ಮೇಲಿರಲಿ. ಟ್ರ್ಯಾಕ್ ಮೇಲಾಗಲೀ ನೆಲದ ಮೇಲಾಗಲೀ ನಿಲ್ಲಬಾರದು, ಬಾಡಿ ಥಟ್ಟನೆ ತಿರುಗಿಬಿಡಬಹುದು. ಎಳೆಯಲಿಲ್ಲ ಅಂದರೆ ಪ್ಲಗ್ ಬಿಚ್ಚಿ ಮೀಟರ್ ಹಾಕಿ. ದೊಡ್ಡ ಮಷಿನ್‌ಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್, ಸಣ್ಣವುಗಳಲ್ಲಿ 12. ಪಕ್ಕದಲ್ಲಿ ಅದೇ ಜಾತಿಯ ಸೊಲೆನಾಯ್ಡ್ ಇದ್ದರೆ ಎರಡರ ಕಾಯಿಲ್ ಓಮ್ಸ್ ಹೋಲಿಸಿ.

ಕೆಲವು ಮಷಿನ್‌ಗಳಲ್ಲಿ ಆರ್ಮ್ ಅಥವಾ ಬೂಮ್ ಆಡಿಸಿದರೂ ಬ್ರೇಕ್ ಬಿಡುತ್ತದೆ. ಅಂಥದ್ದರಲ್ಲಿ ಒಂದು ಸುಲಭದ ಉಪಾಯ ಇದೆ. ಆರ್ಮ್ ಆಡಿಸುತ್ತಲೇ ಸ್ವಿಂಗ್ ಎಳೆಯಿರಿ. ಆಗ ತಿರುಗಿ, ಬರೀ ಸ್ವಿಂಗ್ ಎಳೆದಾಗ ತಿರುಗದಿದ್ದರೆ ಸ್ವಿಂಗ್ ಕಡೆಯ ಪ್ರೆಶರ್ ಸ್ವಿಚ್ಚೋ ಸೆನ್ಸರೋ ಕೆಟ್ಟಿದೆ. ಸೊಲೆನಾಯ್ಡ್ ಮುಟ್ಟಬೇಕಾಗಿಲ್ಲ.

ಕರೆಂಟ್ ಸರಿ ಇದೆ, ಸೊಲೆನಾಯ್ಡ್ ಎಳೆಯುತ್ತಿದೆ, ಆದರೂ ತಿರುಗುತ್ತಿಲ್ಲ. ಈಗ ಗೇಜ್ ಹೊರಗೆ ಬರಲಿ. ಮೋಟರ್‌ನ ಬ್ರೇಕ್ ಬಿಡಿಸುವ ಪೋರ್ಟ್‌ಗೆ ಸಣ್ಣ ರೇಂಜಿನ ಗೇಜ್ ಹಾಕಿ ಲಿವರ್ ಎಳೆಯಿರಿ. ಪೈಲಟ್ ಒತ್ತಡ ಪೂರ್ತಿ ಬಂದೂ ಬಾಡಿ ಅಲ್ಲಾಡದಿದ್ದರೆ ಬ್ರೇಕ್ ಪ್ಲೇಟ್ ಅಂಟಿಕೊಂಡಿದೆ, ಇಲ್ಲವೇ ಮೋಟರ್ ಅಥವಾ ಗೇರ್‌ಬಾಕ್ಸ್ ಜಾಮ್ ಆಗಿದೆ. ಒತ್ತಡ ಅರೆಬರೆ ಬಂದರೆ ಬ್ರೇಕ್ ಪಿಸ್ಟನ್ ಸೀಲ್ ಸೋರುತ್ತಿರಬಹುದು. ಒತ್ತಡ ಪೂರ್ತಿ ಇದ್ದೂ ಅಲ್ಲಾಡದ ಮಷಿನ್ ಅನ್ನು ಮತ್ತೆ ಮತ್ತೆ ಲಿವರ್ ಎಳೆದು ಬಲವಂತ ಮಾಡಬೇಡಿ. ಇಲ್ಲಿಂದ ಮುಂದೆ ಬಿಚ್ಚುವ ಕೆಲಸ. ಅನುಭವಿ ಮೆಕ್ಯಾನಿಕ್ ಕರೆಸಿ.

ಎಂಜಿನ್‌ಗೆ ಲೋಡೇ ಇಲ್ಲ. ಸ್ಪೂಲ್ ಸರಿಯುತ್ತಿದೆಯಾ ಅಂತ ತಿಳಿಯಬೇಕು. ಸ್ವಿಂಗ್ ಸ್ಪೂಲ್‌ನ ಎರಡೂ ತುದಿಯ ಪೈಲಟ್ ಲೈನಿಗೆ ಗೇಜ್ ಹಾಕಿ, ಲಿವರ್ ನಿಧಾನವಾಗಿ ಪೂರ್ತಿ ಎಳೆಯಿರಿ. ಒತ್ತಡ ಲಿವರ್ ಜೊತೆ ಮೆಲ್ಲಗೆ ಏರಬೇಕು. ಬರಲೇ ಇಲ್ಲ ಅಂದರೆ ದೋಷ ಜಾಯ್‌ಸ್ಟಿಕ್ ವಾಲ್ವ್‌ನಲ್ಲಿ ಅಥವಾ ನಡುವಿನ ಹೋಸ್‌ನಲ್ಲಿ. ಬರುತ್ತಿದೆ ಅಂದರೆ ಸ್ಪೂಲ್ ಸಿಕ್ಕಿಕೊಂಡಿರಬಹುದು. ಎಲೆಕ್ಟ್ರಿಕ್ ಜಾಯ್‌ಸ್ಟಿಕ್ ಇರುವ ಹೊಸ ಮಷಿನ್‌ಗಳಲ್ಲಿ ಲಿವರ್ ಬುಡದಲ್ಲಿ ಪೈಲಟ್ ಹೋಸ್ ಇರುವುದಿಲ್ಲ. ಅಲ್ಲಿ ಮಾನಿಟರ್‌ನಲ್ಲೇ ಲಿವರ್ ಸಿಗ್ನಲ್ ನೋಡಬೇಕು.

ಎಂಜಿನ್‌ಗೆ ಲೋಡ್ ಇಲ್ಲ, ಮೋಟರ್ ಒಳಗೆ ತಿರುಗುವ ಸದ್ದು ಮಾತ್ರ ಕೇಳುತ್ತಿದೆ, ಬಾಡಿ ನಿಂತಲ್ಲೇ ಇದೆ. ಹೀಗಾದರೆ ಕೂಡಲೇ ನಿಲ್ಲಿಸಿ. ಗೇರ್‌ಬಾಕ್ಸ್‌ನಲ್ಲಿ ಶಾಫ್ಟ್, ಸ್ಪ್ಲೈನ್ ಅಥವಾ ಗೇರ್ ಮುರಿದಿದೆ. ಈಗ ಬ್ರೇಕ್‌ಗೂ ಬಾಡಿಗೂ ಸಂಬಂಧವೇ ತಪ್ಪಿದೆ. ಬಕೆಟ್ ನೆಲಕ್ಕೂರಿ, ಎಂಜಿನ್ ಆಫ್ ಮಾಡಿ, ಮಷಿನ್ ಇದ್ದ ಜಾಗ ಬಿಟ್ಟು ಅಲ್ಲಾಡಿಸಬೇಡಿ.

## ಲಕ್ಷಣ: ಒಂದು ಕಡೆ ಸರಿ, ಇನ್ನೊಂದು ಕಡೆ ನಿಧಾನ ಅಥವಾ ಇಲ್ಲವೇ ಇಲ್ಲ

ಈ ಲಕ್ಷಣ ಕಂಡರೆ ಸ್ವಲ್ಪ ನೆಮ್ಮದಿಪಡಿ. ಪಂಪ್ ಚೆನ್ನಾಗಿದೆ, ಗೇರ್‌ಬಾಕ್ಸ್ ಚೆನ್ನಾಗಿದೆ, ಮೋಟರ್‌ನ ಪಿಸ್ಟನ್, ಸಿಲಿಂಡರ್ ಬ್ಲಾಕ್ ಕೂಡ ಹೆಚ್ಚಿನಂಶ ಚೆನ್ನಾಗಿವೆ. ಅವು ಎರಡೂ ದಿಕ್ಕಿಗೆ ಒಂದೇ ಅಲ್ವಾ? ದೋಷ ಇರುವುದು ಎಡಕ್ಕೊಂದು ಬಲಕ್ಕೊಂದು ಅಂತ ಜೋಡಿಯಾಗಿರುವ ಭಾಗಗಳಲ್ಲಿ. ಜೋಡಿ ಇದ್ದಲ್ಲಿ ಅದಲು ಬದಲು ಮಾಡಿ ನೋಡುವುದೇ ಅತ್ಯುತ್ತಮ ಪರೀಕ್ಷೆ. ಹೊಸ ಪಾರ್ಟ್ ಕೊಳ್ಳದೆಯೇ ಉತ್ತರ ಸಿಗುತ್ತದೆ.

ಮೊದಲು ಸ್ವಿಂಗ್ ಸ್ಪೂಲ್‌ಗೆ ಬರುವ ಎರಡು ಪೈಲಟ್ ಹೋಸ್ ಅದಲು ಬದಲು ಮಾಡಿ. ಈಗ ಲಿವರ್ ಎಡಕ್ಕೆ ಎಳೆದರೆ ಬಾಡಿ ಬಲಕ್ಕೆ ತಿರುಗುತ್ತದೆ. ಆದ್ದರಿಂದ ತುಂಬ ಎಚ್ಚರ, ಸುತ್ತ ಜನ ಬೇಡ, ಎಂಜಿನ್ ನಿಧಾನ ವೇಗದಲ್ಲಿರಲಿ. ಮೊದಲು ಲಿವರ್ ಎಡಕ್ಕೆ ಎಳೆದಾಗ ತೊಂದರೆ ಇತ್ತು ಅಂದುಕೊಳ್ಳಿ. ಈಗಲೂ ಲಿವರ್ ಎಡಕ್ಕೆ ಎಳೆದಾಗಲೇ ತೊಂದರೆ ಅಂದರೆ ದೋಷ ಸ್ಪೂಲ್‌ಗಿಂತ ಹಿಂದೆ, ಜಾಯ್‌ಸ್ಟಿಕ್ ವಾಲ್ವ್, ಹೋಸ್ ಅಥವಾ ಶಟಲ್ ವಾಲ್ವ್ ಕಡೆ ಇದೆ. ಬದಲಿಗೆ ಬಾಡಿ ಎಡಕ್ಕೆ ತಿರುಗುವಾಗಲೇ ತೊಂದರೆ ಅಂದರೆ ದೋಷ ಸ್ಪೂಲ್‌ನಲ್ಲಿ ಅಥವಾ ಮೋಟರ್ ಮೇಲಿನ ವಾಲ್ವ್‌ಗಳಲ್ಲಿ. ಹೋಸ್‌ಗಳನ್ನು ಮೊದಲಿನ ಹಾಗೆ ಹಾಕಿದ ಮೇಲೆಯೇ ಮುಂದಿನ ಕೆಲಸ.

ಶಟಲ್ ವಾಲ್ವ್ ಬಗ್ಗೆ ಒಂದು ಮಾತು. ಎಡ, ಬಲ ಎರಡೂ ಪೈಲಟ್ ಲೈನಿನಿಂದ ಬ್ರೇಕ್ ಬಿಡಿಸುವ ಸಂಕೇತ ಆರಿಸಿಕೊಳ್ಳುವುದು ಇದೇ. ಇದರ ಚಿಕ್ಕ ಗುಂಡು ಒಂದು ಕಡೆ ಸಿಕ್ಕಿಕೊಂಡರೆ ಒಂದೇ ದಿಕ್ಕಿಗೆ ಬ್ರೇಕ್ ಬಿಡುವುದಿಲ್ಲ. ಆಗ ಎಂಜಿನ್‌ಗೆ ಲೋಡ್ ಬೀಳುತ್ತದೆ, ಬಾಡಿ ಬರುವುದಿಲ್ಲ. ಜಾಯ್‌ಸ್ಟಿಕ್ ವಾಲ್ವ್ ದುರ್ಬಲ ಆಗಿದ್ದರೆ ಲೋಡೂ ಬೀಳುವುದಿಲ್ಲ. ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ದೋಷ ಮೋಟರ್ ಕಡೆ ಅಂತಾದರೆ ಎಡ ಬಲದ ರಿಲೀಫ್ ವಾಲ್ವ್ ಅದಲು ಬದಲು ಮಾಡಿ. ಎರಡೂ ಒಂದೇ ಪಾರ್ಟ್ ಆಗಿರಬೇಕು, ಅದನ್ನು ಮೊದಲೇ ಖಚಿತ ಮಾಡಿಕೊಳ್ಳಿ. ತೊಂದರೆ ಇನ್ನೊಂದು ದಿಕ್ಕಿಗೆ ಹೋದರೆ ಕಳ್ಳ ಸಿಕ್ಕ. ಎಷ್ಟೋ ಸಲ ವಾಲ್ವ್ ಸೀಟಿನಲ್ಲಿ ಒಂದು ಸಣ್ಣ ಲೋಹದ ಚೂರು ಸಿಕ್ಕಿಕೊಂಡಿರುತ್ತದೆ. ತೊಳೆದು ಹಾಕಿದರೆ ಸರಿಹೋಗಬಹುದು, ಆದರೆ ಆ ಚೂರು ಎಲ್ಲಿಂದ ಬಂತು ಅಂತ ಕೇಳಿಕೊಳ್ಳಿ. ಅಲ್ಲೇ ಇರುವ ಮೇಕಪ್ ಚೆಕ್ ವಾಲ್ವ್‌ಗಳನ್ನೂ (ಮೋಟರ್‌ಗೆ ಎಣ್ಣೆ ಕೊರತೆ ಆದಾಗ ತುಂಬಿಕೊಡುವ ವಾಲ್ವ್‌ಗಳು) ಅದೇ ಹೊತ್ತಿಗೆ ನೋಡಿಬಿಡಿ. ಅವು ಸರಿಯಾಗಿ ಕೂರದಿದ್ದರೂ ಒಂದು ದಿಕ್ಕು ದುರ್ಬಲ ಆಗುತ್ತದೆ.

ರಿಲೀಫ್ ಸ್ಕ್ರೂ ಬಿಗಿದು ಒತ್ತಡ ಏರಿಸುವ ಆಸೆ ಬೇಡ. ಗೇಜ್ ಇಲ್ಲದೆ ಬಿಗಿದರೆ ಇವತ್ತು ಸ್ವಿಂಗ್ ಚುರುಕಾದಂತೆ ಕಾಣುತ್ತದೆ, ಮುಂದೆ ಪಿನಿಯನ್ ಹಲ್ಲು ಮುರಿಯುತ್ತದೆ.

## ಲಕ್ಷಣ: ಎರಡೂ ಕಡೆ ನಿಧಾನ, ಬಲ ಕಡಿಮೆ

ನಿಧಾನ ಅನ್ನುವುದನ್ನು ಅಳೆಯದೆ ನಂಬಬೇಡಿ. ಎಣ್ಣೆ 45ರಿಂದ 55 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ. ಬಕೆಟ್ ಖಾಲಿ, ಎಂಜಿನ್ ಪೂರ್ತಿ ವೇಗ, ಕೆಲಸದ ಮೋಡ್ ಮ್ಯಾನುಯಲ್ ಹೇಳಿದ್ದು. ಒಂದು ಸುತ್ತು ಬಿಟ್ಟು ಮುಂದಿನ 3 ಸುತ್ತಿನ ಸಮಯ ನೋಡಿ. 20 ಟನ್ ದರ್ಜೆಯ ಮಷಿನ್‌ಗಳು ಸಾಮಾನ್ಯವಾಗಿ ನಿಮಿಷಕ್ಕೆ 11ರಿಂದ 13 ಸುತ್ತು ತಿರುಗುತ್ತವೆ. ಹಾಗಾಗಿ 3 ಸುತ್ತಿಗೆ ಸುಮಾರು 15 ಸೆಕೆಂಡು. ಎಡ ಬಲ ಎರಡೂ ಅಳೆದು ಬರೆದಿಡಿ. ಮುಂದೆ ಹೋಲಿಸಲು ಈ ಲೆಕ್ಕಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬೂಮ್ ಎತ್ತುತ್ತಾ ಸ್ವಿಂಗ್ ಮಾಡಿದಾಗ ಮಾತ್ರ ನಿಧಾನ ಅನ್ನಿಸಿದರೆ ಅದು ದೋಷ ಅಲ್ಲದೇ ಇರಬಹುದು. ಎಣ್ಣೆಯನ್ನು ಯಾರಿಗೆ ಜಾಸ್ತಿ ಕೊಡಬೇಕು ಅಂತ ಮಷಿನ್ ತೀರ್ಮಾನಿಸುತ್ತದೆ, ಮೋಡ್ ಬದಲಿಸಿ ನೋಡಿ. ಬರೀ ಸ್ವಿಂಗ್ ಮಾಡಿದರೂ ನಿಧಾನ ಅಂದರೆ, ಸ್ವಿಂಗ್‌ಗೆ ಎಣ್ಣೆ ಕೊಡುವ ಪಂಪ್ ಇನ್ನು ಯಾವುದಕ್ಕೆ ಕೊಡುತ್ತದೆ ಅಂತ ಸರ್ಕ್ಯೂಟ್ ಚಿತ್ರದಲ್ಲಿ ಹುಡುಕಿ. ಆ ಕಡೆಯ ಟ್ರ್ಯಾಕ್ ಕೂಡ ನಿಧಾನ ಆಗಿದ್ದರೆ ಪಂಪ್ ಅಥವಾ ಎಷ್ಟು ಎಣ್ಣೆ ಕೊಡಬೇಕು ಅಂತ ಅದನ್ನು ನಿಯಂತ್ರಿಸುವ ರೆಗ್ಯುಲೇಟರ್ ನೋಡಬೇಕು. ಸ್ವಿಂಗ್ ಒಂದೇ ನಿಧಾನ ಅಂದರೆ ಮುಂದುವರಿಯಿರಿ.

ಬ್ರೇಕ್ ಅರ್ಧ ಹಿಡಿದು ಉಜ್ಜುತ್ತಿದೆಯಾ ಅಂತ ನೋಡುವುದು ಸುಲಭ. ಸ್ವಲ್ಪ ಹೊತ್ತು ಕೆಲಸ ಮಾಡಿಸಿ, ಎಂಜಿನ್ ನಿಲ್ಲಿಸಿ, ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ಮೋಟರ್ ಮತ್ತು ಟ್ಯಾಂಕ್ ಬಿಸಿ ಹೋಲಿಸಿ. ಮೋಟರ್‌ನ ಬ್ರೇಕ್ ಭಾಗ ಟ್ಯಾಂಕಿಗಿಂತ ತುಂಬ ಬಿಸಿ ಇದ್ದರೆ ಪ್ಲೇಟ್ ಉಜ್ಜುತ್ತಿದೆ. ರಿಲೀಫ್ ವಾಲ್ವ್ ಹತ್ತಿರ ಮಾತ್ರ ಬಿಸಿ ಇದ್ದರೆ ಅದು ಸೋರುತ್ತಿದೆ.

ಆಮೇಲೆ ಸ್ವಿಂಗ್ ರಿಲೀಫ್ ಒತ್ತಡ ಅಳೆಯಿರಿ. ಇದಕ್ಕೆ ಬಾಡಿ ತಿರುಗದಂತೆ ಹಿಡಿಯಬೇಕು. ಕೆಲವು ಮಷಿನ್‌ಗಳಲ್ಲಿ ಸ್ವಿಂಗ್ ಲಾಕ್ ಹಾಕಿ, ಇನ್ನು ಕೆಲವದರಲ್ಲಿ ಬಕೆಟ್ಟನ್ನು ಗಟ್ಟಿ ದಿಬ್ಬಕ್ಕೆ ಒರಗಿಸಿ ಅಂತ ಮ್ಯಾನುಯಲ್ ಹೇಳುತ್ತದೆ. ನಿಮ್ಮ ಮಷಿನ್‌ಗೆ ಹೇಳಿದ್ದನ್ನೇ ಮಾಡಿ. ಲಿವರ್ ಕೆಲವೇ ಸೆಕೆಂಡು ಹಿಡಿಯಿರಿ, ಎಣ್ಣೆ ಬೇಗ ಕಾಯುತ್ತದೆ. ಎರಡೂ ಕಡೆ ಒತ್ತಡ ಕಡಿಮೆ ಬಂದರೆ ಎರಡು ರಿಲೀಫ್ ಒಟ್ಟಿಗೆ ಕೆಡುವುದು ಅಪರೂಪ. ಮೋಟರ್ ಒಳಗೇ ಸೋರಿಕೆ ಇರಬಹುದು.

ಅದನ್ನು ಹಿಡಿಯುವುದು ಕೇಸ್ ಡ್ರೈನ್ ಪರೀಕ್ಷೆ, ಅಂದರೆ ಮೋಟರ್ ಒಳಗೆ ಸೋರಿ ಡ್ರೈನ್ ಹೋಸ್‌ನಲ್ಲಿ ಹೊರಬರುವ ಎಣ್ಣೆ ಅಳೆಯುವುದು. ಬೆಳಿಗ್ಗೆ ಚುರುಕು, ಎಣ್ಣೆ ಕಾದಂತೆ ಮಂದ ಅನ್ನುವ ದೂರು ಇದ್ದರಂತೂ ಇದನ್ನು ಮಾಡಲೇಬೇಕು. ಕಾದ ಎಣ್ಣೆ ತೆಳು, ಸವೆದ ಸಂದುಗಳಲ್ಲಿ ಜಾಸ್ತಿ ಸೋರುತ್ತದೆ. ಮೋಟರ್‌ನ ಡ್ರೈನ್ ಹೋಸ್ ಬಿಚ್ಚಿ, ಟ್ಯಾಂಕ್ ಕಡೆಯ ಬಾಯಿ ಮುಚ್ಚಿ, ಮೋಟರ್ ಕಡೆಯಿಂದ ಬರುವ ಎಣ್ಣೆಯನ್ನು ಅಳತೆ ಪಾತ್ರೆಗೆ ಬಿಡಿ. ಬಾಡಿ ಹಿಡಿದಿಟ್ಟು ರಿಲೀಫ್ ಒತ್ತಡದಲ್ಲಿ ಸಮಯ ನೋಡಿ, ನಿಮಿಷಕ್ಕೆ ಎಷ್ಟು ಲೀಟರ್ ಅಂತ ಲೆಕ್ಕ ಹಾಕಿ, ಮ್ಯಾನುಯಲ್ ಮಿತಿಗೆ ಹೋಲಿಸಿ. ಬಾಡಿಯನ್ನು ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ. ಸ್ವಲ್ಪ ಸ್ವಲ್ಪ ತಿರುಗಿಸಿ ಮತ್ತೆ ಅಳೆಯಿರಿ, ಪಿಸ್ಟನ್‌ಗಳ ಸ್ಥಾನ ಬದಲಾದಂತೆ ಸೋರಿಕೆಯೂ ಬದಲಾಗುತ್ತದೆ. ಡ್ರೈನ್ ಪೋರ್ಟ್ ಮುಚ್ಚಿ ಎಂಜಿನ್ ಓಡಿಸುವುದು ಮಾತ್ರ ಎಂದೂ ಬೇಡ. ಕೇಸ್ ಒಳಗೆ ಒತ್ತಡ ಏರಿ ಶಾಫ್ಟ್ ಸೀಲ್ ಹಾರಿಹೋಗುತ್ತದೆ.

ಮಿತಿ ದಾಟಿದ್ದರೆ ಈಗ, ಈಗ ಮಾತ್ರ, ಮೋಟರ್ ಬಿಚ್ಚುವ ಮಾತು ಬರಬೇಕು. ಅದಕ್ಕೂ ಮೊದಲು ರಿಟರ್ನ್ ಫಿಲ್ಟರ್ ಕೊಯ್ದು ನೋಡಿ. ಕಂಚಿನ ಬಣ್ಣದ ಚೂರು ಪಂಪ್ ಅಥವಾ ಮೋಟರ್ ಸವೆತ. ಅಯಸ್ಕಾಂತಕ್ಕೆ ಅಂಟುವುದು ಉಕ್ಕು. ಕಪ್ಪು ರಬ್ಬರ್ ಅಂದರೆ ಸೀಲ್ ಅಥವಾ ಹೋಸ್.

## ಲಕ್ಷಣ: ಲಿವರ್ ಬಿಟ್ಟ ಮೇಲೂ ತುಂಬ ದೂರ ಜಾರುತ್ತದೆ

ಲಿವರ್ ಬಿಟ್ಟ ಕ್ಷಣವೇ ಬಾಡಿ ನಿಲ್ಲುವುದಿಲ್ಲ. ಒಂದಷ್ಟು ಜಾರುವುದು ಸಹಜ. ಸಮತಟ್ಟು ನೆಲದಲ್ಲಿ, ಸ್ವಿಂಗ್ ಸರ್ಕಲ್‌ನಲ್ಲಿ ಬಾಡಿ ಜೊತೆ ತಿರುಗುವ ಭಾಗ ಮತ್ತು ಟ್ರ್ಯಾಕ್ ಫ್ರೇಮ್ ಮೇಲೆ ಎದುರುಬದುರು ಗೆರೆ ಹಾಕಿ. ಪೂರ್ತಿ ವೇಗದಲ್ಲಿ ತಿರುಗಿಸಿ, ಗೆರೆಗಳು ಸೇರುವಾಗ ಲಿವರ್ ಬಿಡಿ. ಎಲ್ಲಿ ನಿಂತಿತು ಅಂತ ಅಳೆದು ಮ್ಯಾನುಯಲ್‌ಗೆ ಹೋಲಿಸಿ.

ಒಂದೇ ದಿಕ್ಕಿಗೆ ಜಾಸ್ತಿ ಜಾರಿದರೆ ಆ ದಿಕ್ಕಿಗೆ ಹೋಗುವ ಬಾಡಿಯನ್ನು ತಡೆಯುವ ರಿಲೀಫ್ ಅಥವಾ ಮೇಕಪ್ ವಾಲ್ವ್. ಮೊದಲು ಹೇಳಿದ ಅದಲು ಬದಲು ಇಲ್ಲೂ ಕೆಲಸಕ್ಕೆ ಬರುತ್ತದೆ. ಎರಡೂ ಕಡೆ ಜಾರಿದರೆ ಸ್ಪೂಲ್ ನಡುವಿಗೆ ಪೂರ್ತಿ ಮರಳುತ್ತಿಲ್ಲ, ಅಥವಾ ಮೋಟರ್ ಸವೆದಿದೆ. ನೆನಪಿರಲಿ, ಈ ಲಕ್ಷಣಕ್ಕೆ ಪಾರ್ಕಿಂಗ್ ಬ್ರೇಕ್ ಪ್ಲೇಟ್ ಹಾಕಿಸುವುದು ವ್ಯರ್ಥ.

## ಲಕ್ಷಣ: ಇಳಿಜಾರಲ್ಲಿ ನಿಲ್ಲಿಸಿದರೆ ಬಾಡಿ ತಾನಾಗಿ ತಿರುಗುತ್ತದೆ

ಇದು ಬೇರೆಯದೇ ಕಾಯಿಲೆ. ಇಲ್ಲಿ ತಪ್ಪು ನಿಜಕ್ಕೂ ಪಾರ್ಕಿಂಗ್ ಬ್ರೇಕ್‌ನದು. ಲಿವರ್ ಬಿಟ್ಟು ಹಲವು ಮಷಿನ್‌ಗಳಲ್ಲಿ ಸುಮಾರು 5 ಸೆಕೆಂಡಿಗೆ ಬ್ರೇಕ್ ಹಿಡಿಯುತ್ತದೆ. ಆ ಮಧ್ಯೆ ಕೊಂಚ ಸರಿದರೆ ಅದು ಮೋಟರ್‌ನ ಒಳ ಸೋರಿಕೆ. ಆಮೇಲೂ ಸರಿಯುತ್ತಲೇ ಇದ್ದರೆ ಬ್ರೇಕ್ ಹಿಡಿದಿಲ್ಲ.

ಎಂಜಿನ್ ಓಡುವಾಗ ಸರಿಯುತ್ತದೆ, ಆಫ್ ಮಾಡಿದರೆ ನಿಲ್ಲುತ್ತದೆ ಅಂದರೆ ಬ್ರೇಕ್ ಪ್ಲೇಟ್ ಚೆನ್ನಾಗಿವೆ. ಬಿಡಿಸುವ ಒತ್ತಡ ಇಳಿಯುತ್ತಿಲ್ಲ, ಅಷ್ಟೇ. ತುರ್ತು ಸ್ವಿಚ್ ಆನ್ ಉಳಿದಿದೆಯಾ, ಪ್ರೆಶರ್ ಸ್ವಿಚ್ ಸದಾ ಸಿಗ್ನಲ್ ಕೊಡುತ್ತಿದೆಯಾ, ಸೊಲೆನಾಯ್ಡ್ ಸಿಕ್ಕಿಕೊಂಡಿದೆಯಾ, ಬ್ರೇಕ್ ತಡವಾಗಿ ಹಿಡಿಯುವಂತೆ ಮಾಡುವ ಟೈಮರ್ ವಾಲ್ವ್‌ನ ಸಣ್ಣ ತೂತು ಕಟ್ಟಿದೆಯಾ ನೋಡಿ. ಎಂಜಿನ್ ಆಫ್ ಆದ ಮೇಲೂ ಸರಿಯುತ್ತಿದ್ದರೆ ಪ್ಲೇಟ್ ಸವೆದಿವೆ, ಸ್ಪ್ರಿಂಗ್ ಮುರಿದಿದೆ, ಅಥವಾ ಗೇರ್‌ಬಾಕ್ಸ್‌ನಲ್ಲಿ ಏನೋ ತುಂಡಾಗಿದೆ. ಈ ಮಷಿನ್‌ನಿಂದ ಒಂದು ಬಕೆಟ್ ಮಣ್ಣೂ ತೆಗೆಸಬೇಡಿ. ಮಷಿನ್ ಸಮತಟ್ಟಿಗೆ ತಂದು, ರಿಪೇರಿ ಆಗುವ ತನಕ ನಿಲ್ಲಿಸಿ.

ಬ್ರೇಕ್ ಪ್ಲೇಟ್ ಬೇಗ ಸವೆಯಲು ಕೆಲಸದ ರೀತಿಯೂ ಕಾರಣ. ಬಕೆಟ್ ಪಕ್ಕದಿಂದ ಮಣ್ಣು ಗುಡಿಸುವುದು, ಬಂಡೆಗೆ ಅಡ್ಡಲಾಗಿ ಹೊಡೆಯುವುದು, ಇವೆಲ್ಲ ಪಿನಿಯನ್ ಮತ್ತು ಬ್ರೇಕ್ ಮೇಲೆಯೇ ಬೀಳುತ್ತವೆ. ಬೂಮ್ ಅದಕ್ಕಾಗಿ ಮಾಡಿದ್ದಲ್ಲ.

## ಲಕ್ಷಣ: ಲಿವರ್ ಮುಟ್ಟದೇ ತಿರುಗುತ್ತದೆ

ಕೂಡಲೇ ಸೇಫ್ಟಿ ಲಿವರ್ ಲಾಕ್ ಮಾಡಿ. ನಿಂತರೆ ದೋಷ ಪೈಲಟ್ ಕಡೆ, ಬಹುಶಃ ಜಾಯ್‌ಸ್ಟಿಕ್ ವಾಲ್ವ್ ನಡುವಿಗೆ ಬರುತ್ತಿಲ್ಲ. ಲಿವರ್ ಬುಡದ ರಬ್ಬರ್ ಕೆಳಗೆ ಕಲ್ಲು ಮಣ್ಣು ಸೇರಿದೆಯಾ ನೋಡಿ. ನಿಲ್ಲದಿದ್ದರೆ ಸ್ಪೂಲ್ ತೆರೆದೇ ಸಿಕ್ಕಿಕೊಂಡಿದೆ, ಎಂಜಿನ್ ಆಫ್ ಮಾಡಿ. ಮತ್ತೆ ಒಮ್ಮೆ ನೋಡೋಣ ಅಂತ ಸ್ಟಾರ್ಟ್ ಮಾಡಬೇಡಿ.

## ಲಕ್ಷಣ: ನಿಲ್ಲುವಾಗ ಕುಲುಕು, ಹಿಂದಕ್ಕೆ ಪುಟಿಯುವುದು

ನಿಂತ ಬಾಡಿ ಒಂದೆರಡು ಸಲ ಹಿಂದೆ ಮುಂದೆ ಆಡಿದರೆ ಮೋಟರ್ ಮೇಲಿನ ಆಂಟಿ ರಿಯಾಕ್ಷನ್ ವಾಲ್ವ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಟಕ್ ಅಂತ ಏಟಿನ ಹಾಗೆ ನಿಂತರೆ ಬ್ರೇಕ್ ತುಂಬ ಬೇಗ ಹಿಡಿಯುತ್ತಿದೆ, ಟೈಮರ್ ನೋಡಿ. ಹೊರಡುವಾಗಲೂ ನಿಲ್ಲುವಾಗಲೂ ಕಟ್ ಅನ್ನುವ ಲೋಹದ ಸದ್ದು ಇದ್ದರೆ ಹೈಡ್ರಾಲಿಕ್ ಬಿಟ್ಟುಬಿಡಿ. ಪಿನಿಯನ್ ಹಲ್ಲು, ಗೇರ್‌ಬಾಕ್ಸ್ ಬೋಲ್ಟ್, ಸ್ವಿಂಗ್ ಸರ್ಕಲ್ ಬೋಲ್ಟ್ ನೋಡಿ. ಸರ್ಕಲ್‌ನ ಒಂದು ಬೋಲ್ಟ್ ಮುರಿದಿದ್ದರೂ ಪಕ್ಕದವುಗಳ ಮೇಲೆ ಹೊರೆ ಬಿದ್ದಿರುತ್ತದೆ. ಮಷಿನ್ ನಿಲ್ಲಿಸಿ, ತಜ್ಞರು ನೋಡಲಿ.

ಸರ್ಕಲ್ ಬೇರಿಂಗ್ ಆಡುತ್ತಿದೆಯಾ ಅಂತ ತಿಳಿಯಲು ಮುಂಭಾಗದಲ್ಲಿ ಟ್ರ್ಯಾಕ್ ಫ್ರೇಮ್ ಮತ್ತು ಬಾಡಿ ನಡುವೆ ಡಯಲ್ ಗೇಜ್ ಕೂರಿಸಿ. ಬಕೆಟ್ ನೆಲದಿಂದ ಎತ್ತಿ ಸೊನ್ನೆ ಮಾಡಿ. ಆಮೇಲೆ ಬಕೆಟ್ ನೆಲಕ್ಕೊತ್ತಿ ಟ್ರ್ಯಾಕ್‌ನ ಮುಂಭಾಗ ಸ್ವಲ್ಪ ಎತ್ತಿ, ಗೇಜ್ ಎಷ್ಟು ಸರಿಯಿತು ನೋಡಿ. ಗೇಜನ್ನು ದೂರದಿಂದಲೇ ಓದಿ, ಎತ್ತಿದ ಮಷಿನ್ ಕೆಳಗೆ ತಲೆ ಹಾಕಬೇಡಿ.

## ಲಕ್ಷಣ: ಗೇರ್‌ಬಾಕ್ಸ್ ಎಣ್ಣೆ ಏರುತ್ತಿದೆ, ಇಳಿಯುತ್ತಿದೆ, ಬಣ್ಣ ಬದಲಾಗಿದೆ

ಡಿಪ್‌ಸ್ಟಿಕ್ ಎಳೆದು ನೋಡುವುದು ಪುಕ್ಕಟೆ, ಆದರೂ ಬಹಳ ಜನ ನೋಡುವುದಿಲ್ಲ. ಮಟ್ಟ ಏರಿದೆ, ಎಣ್ಣೆ ತೆಳುವಾಗಿದೆ ಅಂದರೆ ಮೋಟರ್ ಶಾಫ್ಟ್ ಸೀಲ್ ಸೋರಿ ಹೈಡ್ರಾಲಿಕ್ ಎಣ್ಣೆ ಗೇರ್‌ಬಾಕ್ಸ್‌ಗೆ ಇಳಿಯುತ್ತಿದೆ. ಬರೀ ಸೀಲ್ ಹಾಕಿ ಸುಮ್ಮನಾಗಬೇಡಿ. ಕೇಸ್ ಡ್ರೈನ್ ಲೈನ್ ಕಟ್ಟಿದೆಯಾ ಅಂತಲೂ ನೋಡಿ, ಇಲ್ಲದಿದ್ದರೆ ಹೊಸ ಸೀಲೂ ಹೋಗುತ್ತದೆ. ಮಟ್ಟ ಇಳಿದಿದೆ, ಹೊರಗೆ ಸೋರಿಕೆ ಕಾಣುತ್ತಿಲ್ಲ ಅಂದರೆ ಕೆಳಗಿನ ಸೀಲ್ ಸೋರಿ ಎಣ್ಣೆ ಪಿನಿಯನ್ ಇರುವ ಗ್ರೀಸ್ ತೊಟ್ಟಿಗೆ ಸೇರುತ್ತಿದೆ. ಹಾಲಿನ ಹಾಗಿದ್ದರೆ ನೀರು ಸೇರಿದೆ. ಡ್ರೈನ್ ಮಾಡಿದಾಗ ಬೆರಳಿಗೆ ಚೂರು ಸಿಗುವಷ್ಟು ಉಕ್ಕು ಬಂದರೆ ಗೇರ್‌ಬಾಕ್ಸ್ ತೆರೆಯಬೇಕು. ಎಣ್ಣೆ ಬದಲಿಸಿ ಓಡಿಸುವುದು ಪರಿಹಾರ ಅಲ್ಲ.

## ಮೋಟರ್ ಬಿಚ್ಚಲೇಬೇಕಾದರೆ

ಮೋಟರ್ ಕ್ರೇನ್‌ನಲ್ಲಿ ಎತ್ತುವ ವಸ್ತು, ಕೈಯಲ್ಲಿ ಎತ್ತುವುದಲ್ಲ. ಬಿಚ್ಚುವ ಮೊದಲು ಸುತ್ತ ತೊಳೆಯಿರಿ, ಬಿಚ್ಚಿದ ಪ್ರತಿ ಪೋರ್ಟ್‌ಗೂ ಮುಚ್ಚಳ ಹಾಕಿ, ಹೋಸ್‌ಗಳಿಗೆ ಗುರುತು ಕಟ್ಟಿ. ಮೋಟರ್ ಒಳಗಿನಿಂದ ಲೋಹದ ಪುಡಿ ಬಂದಿದ್ದರೆ ಟ್ಯಾಂಕ್, ಲೈನ್, ಫಿಲ್ಟರ್ ಎಲ್ಲ ತೊಳೆಯದೇ ಹೊಸ ಮೋಟರ್ ಕೂರಿಸಬೇಡಿ. ಹಳೆಯ ಪುಡಿ ಹೊಸದನ್ನೂ ತಿನ್ನುತ್ತದೆ.

ಕೂರಿಸಿದ ಮೇಲೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಮೋಟರ್ ಕೇಸ್ ಒಳಗೆ ಡ್ರೈನ್ ಪೋರ್ಟ್ ಮೂಲಕ ಶುದ್ಧ ಹೈಡ್ರಾಲಿಕ್ ಎಣ್ಣೆ ತುಂಬಿ. ಒಣಗಿದ ಮೋಟರ್ ಮೊದಲ ಕೆಲವು ಸುತ್ತಿನಲ್ಲೇ ಹಾಳಾಗುತ್ತದೆ. ಎಂಜಿನ್ ಐಡ್ಲ್‌ನಲ್ಲಿಟ್ಟು, ಗಾಳಿ ಬಿಡುವ ಪ್ಲಗ್‌ನಿಂದ ಗುಳ್ಳೆ ಇಲ್ಲದ ಎಣ್ಣೆ ಬರುವ ತನಕ ಕಾಯಿರಿ. ಪ್ಲಗ್ ಬಿಗಿದ ಮೇಲೆ ಬಾಡಿಯನ್ನು ಎರಡೂ ಕಡೆ ನಿಧಾನವಾಗಿ ಕೆಲವು ಸುತ್ತು ತಿರುಗಿಸಿ. ಆಮೇಲೆ ಟ್ಯಾಂಕ್ ಮಟ್ಟ ಮತ್ತೆ ನೋಡಿ, ಮೊದಲು ಬರೆದಿಟ್ಟ 3 ಸುತ್ತಿನ ಸಮಯವನ್ನೂ ಜಾರುವ ದೂರವನ್ನೂ ಇನ್ನೊಮ್ಮೆ ಅಳೆದು ಹೋಲಿಸಿ.